ಸೈಕಲ್ ಚಡ್ಡಿ ಒಣಗಿದ ಬಗೆ

ಆಷಾಢದ ನಡುವಿನ ಒಂದು ಬೆಳಗು, ಹಾಲು ಕರೆಯುವ ಹೊತ್ತು, ಟಿಕ್ ಟಿಕ್ ಎಂದು ಏನೋ ರಸ್ತೆಯಲ್ಲಿ ಬರುತ್ತಿದೆ, ಜೀರುಂಡೆಯಲ್ಲ, ಜೀರುಂಡೆಗೆ ಇಷ್ಟು ಬಿಡುವಿರುವುದಿಲ್ಲ, ಅದು ಮೊಮ್ಮಗಳು ಪದ್ಮಶ್ರೀಯ ಸೈಕಲ್ಲು, ತುಳಿಯದೆ ಉರುಳಿದರೆ ಹಿಂದಿನ ಚಕ್ರ ಹಾಗೆ ಸದ್ದು ಮಾಡುತ್ತದೆ, ಷಣ್ಮುಖಪ್ಪ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಒಲೆಬಾಯಿಗೆ ಇನ್ನೊಂದು ಸೌದೆ ನೂಕಿ ಕಿವಿ ಕೊಟ್ಟ — ಸದ್ದು ನಿಧಾನ, ಬಹಳ ನಿಧಾನ, ಹಾಗಾದರೆ ಹುಡುಗಿ ಸೈಕಲ್ಲಿನ ಮೇಲಿಲ್ಲ, ತಳ್ಳಿಕೊಂಡು ಬರುತ್ತಿದ್ದಾಳೆ. ಯಾಕೆ ತಳ್ಳುತ್ತಾಳೆ, ಚಕ್ರಕ್ಕೆ ಗಾಳಿ ಇದೆ, ಚೈನು ಜಾರಿಲ್ಲ, ಹುಣಸೂರು ಮುಟ್ಟಿ ಬರುತ್ತೇನೆಂದು ಹೋದವಳು ಕಂಪಲಾಪುರದಿಂದಲೇ ತಿರುಗಿಬಿಟ್ಟಿದ್ದಾಳೆ, ಯಾಕವ್ವ ಬೇಗ ಬಂದ್ಬುಟ್ಟೆ, ಏನಿಲ್ಲ ತಾತ, ಮಳೆ — ಈ ತುಂತುರೂ ಒಂದು ಮಳೆಯೇ, ನಿನ್ನೆ ಇದಕ್ಕಿಂತ ಜೋರಾಗಿ ಹುಯ್ಯುವಾಗ ಹೋಗಿದ್ದಳಲ್ಲ. ಸೈಕಲ್ಲನ್ನು ಗೋಡೆಗೆ ಒರಗಿಸಿ ಒಳಗೆ ಹೋದಳು, ಕಾಲು ಅಗಲಿಸಿ, ಗದ್ದೆಯ ಕೆಸರು ತುಳಿಯುವವರ ಹಾಗೆ, ರೊಟ್ಟಿಯ ತಟ್ಟೆ ಹಿಡಿದು ನಿಂತೇ ತಿಂದಳು, ಬಾಗಿಲಿನಿಂದ ಕಾಣುತ್ತದೆ, ಮೊನ್ನೆಯೂ ನಿಂತೇ ತಿಂದಿದ್ದಳು, ಕುಂತ್ಕಳವ್ವ ಅಂದರೆ ಅಭ್ಯಾಸ ಕಣ್ ತಾತ ಅಂದಿದ್ದಳು, ನಿಂತು ತಿನ್ನುವ ಅಭ್ಯಾಸವೂ ಸೈಕಲ್ಲಿನವರಿಗೆ ಇರುತ್ತದೆಯೇ.

ಎಲ್ಲ ಆ ಸೀಟಿನದೇ ಇರಬೇಕು, ಅಂಗೈಯಷ್ಟು ಅಗಲ, ಮುಂದಕ್ಕೆ ಹಕ್ಕಿಯ ಕೊಕ್ಕಿನಂತೆ ಚೂಪು, ನಡುವೆ ಉದ್ದಕ್ಕೂ ಒಂದು ಸೀಳು, ಒತ್ತಿದರೆ ಬಗ್ಗುವುದಿಲ್ಲ, ಒಳಗೆ ಸ್ಪ್ರಿಂಗಿಲ್ಲ, ಇದರ ಮೇಲೆ ಮನುಷ್ಯರು ಹೇಗೆ ಕೂರುತ್ತಾರೆ. ಅವನ ಹಳೆಯ ಸೈಕಲ್ಲಿಗೆ ಮಣೆಯಷ್ಟು ಅಗಲದ ತೊಗಲಿನ ಸೀಟಿತ್ತು, ಅಡಿಯಲ್ಲಿ ಎರಡು ದಪ್ಪ ಸ್ಪ್ರಿಂಗು, ಹಳ್ಳಕ್ಕಿಳಿದರೆ ಕಿರ್ ಎಂದು ತಾನೇ ನೋವುಣ್ಣುತ್ತಿತ್ತು, ಹೆಂಡತಿ ಸಿದ್ದಲಿಂಗಮ್ಮನನ್ನು ಸಾಲಿಗ್ರಾಮದ ತವರಿನಿಂದ ಕರೆತರುವಾಗ ಕ್ಯಾರಿಯರಿನ ಮೇಲೆ ಗೋಣಿಚೀಲ ಮಡಿಸಿ ಹಾಕುತ್ತಿದ್ದ, ಒಂದು ದಿನವೂ ಅವಳು ನೋವು ಅನ್ನಲಿಲ್ಲ, ನೋಯುತ್ತಿರಲಿಲ್ಲವೋ ಹೇಳುತ್ತಿರಲಿಲ್ಲವೋ, ಈಗ ತಿಳಿಯಬೇಕೆನ್ನಿಸಿದರೆ ಕೇಳಲು ಅವಳಿಲ್ಲ. ಯಾರೂ ಇಲ್ಲದ್ದು ನೋಡಿ, ಪಂಚೆ ಎತ್ತಿ ಕಟ್ಟಿ, ಗೋಡೆ ಹಿಡಿದು, ಹತ್ತಿ ಕೂತೇಬಿಟ್ಟ — ಎರಡು ಮೂಳೆಗೆ ಎರಡು ಕಲ್ಲು ಸಿಕ್ಕಂತಾಯಿತು, ಆದರೆ ನಡುವೆ ಮಾತ್ರ ಏನೂ ತಾಕುವುದಿಲ್ಲ, ಓಹೋ, ಸೀಳು ಅದಕ್ಕೆ, ಹುಡುಗಿಯನ್ನು ಕೇಳಿದಾಗ ಗಾಳಿ ಆಡಕ್ಕೆ ತಾತ ಅಂದಿದ್ದಳು, ಪೂರ್ತಿ ಹೇಳಿರಲಿಲ್ಲ. ಲೇ ಷಣ್ಮುಖ, ಯಾವ ದೇಸದ ರೇಸಿಗ್ಲಾ ಒಂಟ್ಬುಟ್ಟೆ — ರಸ್ತೆಯಲ್ಲಿ ಪಕ್ಕದ ಮನೆಯ ಚಿಕ್ಕಣ್ಣ, ಹಸು ಹೊಡೆದುಕೊಂಡು. ಸೀಟು ನೋಡ್ತಾವ್ನಿ ಕಣ್ಲಾ. ಸೀಟ್ ನೋಡಕ್ಕೆ ಕಣ್ ಸಾಲ್ದ ನಿಂಗೆ, ಕುಂಡೀಲ್ ನೋಡ್ಬೇಕಾ. ಬುಡ್ಲಾ, ನಿನ್ ಅಸ ಗದ್ದೆಗೋಯ್ತು ನೋಡು.

ಮೆತ್ತಗಿರಲಿ ಎಂದು ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಸೀಟಿಗೆ ದಾರ ಸುತ್ತಿದ, ಪದ್ಮಶ್ರೀ ನೋಡಿ ನಕ್ಕು ಬಿಚ್ಚಿದಳು, ತಾತ, ಅದು ಜಾರ್ತದೆ, ಜಾರುದ್ರೆ ಇನ್ನೂ ಉಜ್ತದೆ, ಸೀಟು ಸರ್ಯಾಗದೆ, ಕಾಂತರಾಜು ಸಾರು ಟೇಪ್ ಹಿಡ್ದು ಎತ್ತರ ನೋಡವ್ರೆ, ಮೆತ್ತೆ ಸೀಟಲ್ಲಿರಲ್ಲ, ಚಡ್ಡೀಲಿರ್ತದೆ. ಕಾಂತರಾಜು ಎಂದರೆ ಹುಣಸೂರಿನಲ್ಲಿ ಇವಳ ಕಾಲೇಜಿನ ಆಟದ ಮೇಷ್ಟ್ರು, ಭಾನುವಾರ ಮೈಸೂರಿನಲ್ಲಿ ಆಯ್ಕೆ, ಗೆದ್ದವರಿಗೆ ವಿಜಯಪುರದಲ್ಲಿ ವರ್ಷವಿಡೀ ತರಬೇತಿ, ಊಟ, ವಸತಿ, ಹುಡುಗಿ ಈ ಒಂದು ಭಾನುವಾರಕ್ಕಾಗಿ ಎರಡು ವರ್ಷ ತುಳಿದಿದ್ದಾಳೆ. ಚಡ್ಡಿಯಲ್ಲಿ ಮೆತ್ತೆ, ಅದನ್ನು ಯಾರು ಕಂಡುಹಿಡಿದರೋ, ಸೀಟನ್ನು ಕಲ್ಲು ಮಾಡಿ ಚಡ್ಡಿಯನ್ನು ದಿಂಬು ಮಾಡುವುದು, ಆದರೆ ದಿಂಬು ಜೊತೆಗೇ ಇದ್ದ ಮೇಲೆ ಹುಡುಗಿ ಯಾಕೆ ನಿಂತು ತಿನ್ನುತ್ತಾಳೆ. ಎಲ್ಲಿ ನೋವವ್ವ ಎಂದು ಕೇಳುವ ಹಾಗಿಲ್ಲ, ಗಂಡಸು, ಅದರಲ್ಲೂ ತಾತ, ಎತ್ತಿನ ಹೆಗಲಿಗೆ ಹುಣ್ಣಾದರೆ ಊರೆಲ್ಲ ನಿಂತು ನೋಡುತ್ತದೆ, ಇದಕ್ಕೆ ಕಣ್ಣು ಬೇರೆ ಕಡೆ ಇಟ್ಟುಕೊಂಡೇ ಯೋಚನೆ ಮಾಡಬೇಕು. ಮಧ್ಯಾಹ್ನ ನಡುಮನೆಯಲ್ಲಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಾಗ ಒಳಗಿನಿಂದ ಪದ್ಮಶ್ರೀಯ ದನಿ, ಅವ್ವ, ಹುಣ್ಣು ದೊಡ್ಡದಾಗದೆ, ಆ ಚಡ್ಡಿ ಒಣಗ್ತಾನೇ ಇಲ್ಲ, ದಿನಾ ಒದ್ದೇದೇ ಇಕ್ಕಂಡೋಗ್ತಿವ್ನಿ, ಮುಂದ್ಗಡೆ ತಂತಿ ಮ್ಯಾಲಾಕು, ಗಾಳಿಗಾದ್ರೂ ಆರ್ಲಿ. ಸೊಸೆ ವಿಮಲಮ್ಮನ ದನಿ, ಪಿಸುಮಾತಿನಲ್ಲೇ ಗದರಿಕೆ, ಒಳಗೆ ಏನೂ ಇಕ್ದೆ ಆಕೋ ಚಡ್ಡಿ ಅಂದ್ರೆ ಅದು ಒಳಬಟ್ಟೇನೇ ಕಣೇ, ಒಳಬಟ್ಟೆ ತಂದು ರಸ್ತೇಗಾಕದಾ, ಗಂಡಸ್ರು ಓಡಾಡೋ ಜಾಗ. ಅಂಗಾರೆ ನಾ ಭಾನುವಾರ ಓಗಲ್ಲ, ಸಾರಿಗೆ ಹೇಳ್ಬುಡ್ತೀನಿ. ಹೇಳ್ಬುಡು.

ಹೇಳ್ಬುಡು ಎಂದಳು, ಪಾತ್ರೆಯ ಸದ್ದು ಜೋರಾಯಿತು. ಷಣ್ಮುಖಪ್ಪ ಬಚ್ಚಲಿನ ಹಿಂದಕ್ಕೆ ಹೋದ, ಹೋಗಬಾರದ ಜಾಗ, ಆದರೂ ಹೋದ, ಸೂರಿನಡಿಯ ಹಗ್ಗದ ಮೇಲೆ ಸೊಸೆಯ ಒದ್ದೆ ಸೀರೆ, ಅದರಡಿಯಲ್ಲಿ ಕರೀ ಚಡ್ಡಿ, ಮುಟ್ಟಿದರೆ ಮೆತ್ತೆ ಕಪ್ಪೆಯ ಹೊಟ್ಟೆಯಂತೆ ತಣ್ಣಗೆ, ಮೂಗಿಗೆ ನೆನೆದ ಗೋಣಿಯ ವಾಸನೆ, ಅರೆ, ಸೊಪ್ಪು ಪೋಣಿಸಿದ ಕಡ್ಡಿಗಳನ್ನು ಬ್ಯಾರನ್ನಿನಲ್ಲಿ ಒತ್ತಾಗಿ ಕಟ್ಟಿದರೂ ಹೀಗೇ ಅಲ್ಲವೇ, ಒಂದರಡಿ ಒಂದು ಬೆವೆತು ಕೊಳೆಯುತ್ತದೆ, ಸೀಟು ಪಾಪ, ಸುಮ್ಮನೆ ಬೈಸಿಕೊಂಡಿತು. ಇದಕ್ಕೆ ಬೇಕಿರುವುದು ಬಿಸಿ, ಬಿಸಿಲಿಲ್ಲ, ಯಾರೂ ನೋಡಲೂಬಾರದು — ಬಿಸಿಯಾಗಿರುವ, ಯಾರೂ ನೋಡದ ಜಾಗ ಈ ಮನೆಗೆ ಒಂದೇ ಒಂದಿದೆ. ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದ, ಮಗ ಬಸವರಾಜು ಬ್ಯಾರನ್ನಿನ ಒಳಗೆ ಸೊಪ್ಪು ನೋಡಿ ಕೈ ತೊಳೆಯಲು ಹೋದ ಸಂದಿನಲ್ಲಿ ಒಳನುಗ್ಗಿ ಕೆಳಗಿನ ಸಾಲಿನ ಕಡ್ಡಿಗೆ ಸಿಕ್ಕಿಸಿದ, ಒಲೆಯ ಬಿಸಿ ಹರಿಯುವ ಕೊಳವೆಯ ನೇರಕ್ಕೆ, ಒಂದು ಗಳಿಗೆ ಸಾಕು, ಕಾಫಿ ಕುಡಿದು ಬಂದು ತೆಗೆದರಾಯಿತು.

ಕಾಫಿ ಕುಡಿದು ಬಂದರೆ ಬಾಗಿಲಿಗೆ ಅಗುಳಿ, ಸಂದಿಗೆಲ್ಲ ಮಣ್ಣು ಮೆತ್ತಿದೆ. ಸೊಪ್ಪಿಗೆ ಬಣ್ಣ ಕೂರುವ ಹೊತ್ತು, ಈಗ ಬಾಗಿಲು ತೆಗೆದರೆ ತಣ್ಣನೆ ಗಾಳಿ ನುಗ್ಗಿ ಎಲೆಯೆಲ್ಲ ಕಪ್ಪು, ಇದನ್ನು ಮಗನಿಗೆ ಕಲಿಸಿದವನೇ ಅವನು. ಬಸವರಾಜು, ಒಂದೇ ಒಂದ್ಕಿತ ತೆಗಿಯಪ್ಪ. ಯಾಕಪ್ಪ. ಒಳಗೊಂದು ಚಡ್ಡಿ ಅದೆ. ಮಗ ಅವನ ಮುಖವನ್ನೇ ನೋಡಿದ, ಒಂದ್ ಚಡ್ಡಿಗೆ ಒಂದ್ ಬ್ಯಾರನ್ ಸೊಪ್ಪು ಕಳ್ಕಳಕ್ಕಾಯ್ತದ, ನೀನೇ ಹೇಳು. ಆಗುವುದಿಲ್ಲ, ಅವನೇ ಹೇಳಬೇಕು, ಆಗುವುದಿಲ್ಲ. ಆ ಚಡ್ಡಿಯಿಲ್ಲದೆ ಹುಡುಗಿ ಸೈಕಲ್ ಹತ್ತಲಾರಳು, ಇರುವುದು ಅದೊಂದೇ, ಮನೆಯೆಲ್ಲ ಹುಡುಕಿದವಳಿಗೆ ಒಲೆಬಾಯಿಯ ಮುಂದೆ ಕೂತೇ ಹೇಳಿದ, ಬ್ಯಾರನ್ ಒಳ್ಗದೆ ಕಣವ್ವ. ಎಲೆಯ ನಡುವಿನ ದಿಂಡು ಒಣಗಿ ಬಾಗಿಲು ತೆಗೆಯುವ ಹೊತ್ತಿಗೆ ಗುರುವಾರವಾಗಿತ್ತು, ಕಾವಿಗೆ ಮೆತ್ತೆ ಸುರುಟಿ ಕೊಬ್ಬರಿ ಚಿಪ್ಪಾಗಿದೆ, ತಟ್ಟಿದರೆ ಸದ್ದು ಬರುತ್ತದೆ, ಪದ್ಮಶ್ರೀ ಮೂಸಿ ನೋಡಿದಳು, ಅಳುತ್ತಾಳೆ ಅಂದುಕೊಂಡ, ತಾತ, ಒಳ್ಳೆ ಬಣ್ಣ ಬಂದದೆ ಬುಡು, ಸೊಪ್ಪಿನ್ ಜೊತೆ ಹರಾಜಿಗೆ ಆಕ್ಬೋದು, ಅಂದವಳು ನಕ್ಕಳು, ನಗುನಗುತ್ತಲೇ ಅತ್ತಳು, ಆಮೇಲೆ ಜಗಲಿಯ ಮೇಲೆ ಕೂತಳು — ಕೂತಳು, ಇದನ್ನು ಮೊದಲು ಕಂಡವನು ಅವನೇ, ಸೈಕಲ್ ಹತ್ತದ ಈ ದಿನಗಳಲ್ಲಿ ಒಣಬಟ್ಟೆಯಲ್ಲಿದ್ದು ಹುಣ್ಣು ಮಾಯುತ್ತಾ ಬಂದಿದೆ, ಹಾಗಾದರೆ ನೋವಿಗೆಲ್ಲ ತೇವವೇ ಕಾರಣ, ತೇವವೇ.

ಅದನ್ನೇ ಸೊಸೆಗೆ ಹೇಳಿದ, ಕಣ್ಣು ಹಿತ್ತಲಿನ ಬಾಳೆಯ ಮೇಲಿಟ್ಟು, ವಿಮಲಮ್ಮ, ಸೀಟಲ್ಲ ಕಣವ್ವ, ಒದ್ದೆ. ಗೊತ್ತು ಮಾವ ಎಂದಳು, ಅವಳೂ ಬಾಳೆಯನ್ನೇ ನೋಡುತ್ತಾ, ಗೊತ್ತಾಯ್ತದೆ, ಆದ್ರೂ ಮುಂದ್ಗಡೆ ಆಕಕ್ಕೆ ಕೈ ಬರಲ್ಲ. ಶುಕ್ರವಾರ ಕಾಂತರಾಜು ಮೇಷ್ಟ್ರು ಹಳೆಯ ಆಟಗಾರ್ತಿಯೊಬ್ಬಳ ಚಡ್ಡಿ ಕಳಿಸಿದರು, ಬೇರೆಯವರು ತೊಟ್ಟದ್ದು, ತೊಳೆಯದೆ ಹಾಕುವಂತಿಲ್ಲ, ವಿಮಲಮ್ಮ ಒಗೆದು, ಹಿಂಡಿ, ಹಿತ್ತಲ ಕಡೆ ಎರಡು ಹೆಜ್ಜೆ ಇಟ್ಟಳು, ಅಷ್ಟರಲ್ಲಿ ಮೋಡ ಸರಿದು ಅಂಗಳಕ್ಕೆ ಬಿಸಿಲು ಬಿತ್ತು, ಹಳದಿ ಬಿಸಿಲು, ಎಷ್ಟು ಹೊತ್ತು ಇರುತ್ತದೋ ಯಾರಿಗೆ ಗೊತ್ತು, ಅವಳು ನಿಂತಳು, ಬಕೆಟ್ಟು ಕೈಯಲ್ಲೇ ಇದೆ, ನಿಂತೇ ಇದ್ದಾಳೆ, ಒಲೆಬಾಯಿಯ ಮುಂದೆ ಅವನು ಸೌದೆ ಕೈಯಲ್ಲಿ ಹಿಡಿದೇ ನೋಡಿದ — ತಿರುಗಿ ಅಂಗಳಕ್ಕೆ ಬಂದು, ರಸ್ತೆ ಬದಿಯ ತಂತಿಗೆ, ಒಳಮೈ ಹೊರಗೆ ಮಾಡಿ, ಮೆತ್ತೆಯನ್ನು ಬಿಸಿಲಿಗೆ ತಿರುಗಿಸಿ ಎರಡು ಕ್ಲಿಪ್ಪು ಹಾಕಿದಳು. ಚಿಕ್ಕಣ್ಣ ಬರಬೇಕೇ ಆಗಲೇ, ಬಂದ, ಏನವ್ವ ವಿಮಲಮ್ಮ, ಅದೇನದು ಹೊಸ ನಮೂನೆ. ನನ್ ಮಗಳ ಸೈಕಲ್ ಚಡ್ಡಿ ಕಣಣ್ಣ, ನೋಡ್ಕಂಡೋಗಿ. ಚಿಕ್ಕಣ್ಣ ನೋಡಲಿಲ್ಲ, ಹಸುವಿನ ಬಾಲ ನೋಡುತ್ತಾ ಹೋದ, ಮೆತ್ತೆಯಿಂದ ತೆಳ್ಳಗೆ ಹಬೆ ಏಳುತ್ತಿತ್ತು.

ಭಾನುವಾರ ಹುಡುಗಿ ಎರಡನೆಯವಳಾಗಿ ಬಂದಳು, ಎರಡನೆಯವಳಿಗೂ ಜಾಗವಿತ್ತು, ವಿಜಯಪುರಕ್ಕೆ ಹೊರಟದ್ದು ಶ್ರಾವಣದ ಮೊದಲ ಸೋಮವಾರ, ಸೈಕಲ್ಲಿನ ಚಕ್ರ ಬಿಚ್ಚಿ ಬೆಡ್‌ಶೀಟಿನಲ್ಲಿ ಸುತ್ತಿ ಬಸ್ಸಿನ ಮೇಲೆ ಹಾಕಿದರು, ಬಸವರಾಜು ಜೊತೆಗೆ ಹೋದ, ವಿಮಲಮ್ಮ ಬಸ್ಸು ತಿರುಗುವವರೆಗೂ ಸೆರಗು ಬಾಯಿಗೆ ಹಿಡಿದು ನಿಂತಳು. ಆ ಸೀಮೆಯಲ್ಲಿ ಬಿಸಿಲು ಜಾಸ್ತಿಯಂತೆ, ಬಟ್ಟೆ ಬೇಗ ಒಣಗುತ್ತದೆಯೇ, ಹೊರಗೆ ತಂತಿ ಕಟ್ಟಲು ಬಿಡುತ್ತಾರೆಯೇ, ಅಲ್ಲಿನ ಹುಡುಗಿಯರು ಎಲ್ಲಿ ಒಣಗಿಸುತ್ತಾರೋ, ಕೇಳಬೇಕು, ಈ ಸಲ ಕೇಳಬಹುದು, ಫೋನಿನಲ್ಲಿ ಮುಖ ಕಾಣದಂತೆ ಹಿಡಿದು ಕೇಳಬಹುದು — ಸೌದೆ ನೂಕಬೇಕು, ಒಲೆ ಆರುತ್ತಿದೆ, ಏಳಬೇಕು ಎಂದುಕೊಳ್ಳುತ್ತಾನೆ, ಏಳುವುದಿಲ್ಲ, ಬಿಸಿಲು, ತಂತಿ, ಎರಡು ಕ್ಲಿಪ್ಪು, ಮತ್ತೆ ತಂತಿ, ಎಲ್ಲರೂ ಓಡಾಡುವ ರಸ್ತೆಗೆ ತಿರುಗಿಸಿದ ಆ ಮೆತ್ತೆ, ಅದರಿಂದ ಏಳುವ ಹಬೆ.