ಆಯಿ ಹಿಡಿದ ಸಾಲು

ನನ್ನ ಅತ್ತೆ ದೇವಕಮ್ಮನ ಮೇಲೆ ನನಗೆ ಕೆಂಡದಂಥ ಸಿಟ್ಟಿದೆ. ಅದನ್ನು ಬಾಯಿಬಿಟ್ಟು ಆಡಲಾಗದ್ದೇ ದೊಡ್ಡ ಸಂಕಟ.

ಹುಟ್ಟುವಾಗ ಮಿದುಳಿಗೆ ಪೆಟ್ಟಾಗಿ ನನ್ನ ಮಗಳು ಸಂಘಮಿತ್ರಾಳ ಬಲಗೈ ಮುಷ್ಟಿ ಬಿಗಿದೇ ಇರುತ್ತದೆ. ಬೇಸಿಗೆ ರಜೆಗೆಂದು ಯಾದಗಿರಿಯ ಥೆರಪಿಸ್ಟ್ ಸವಿತಾ ಮೇಡಂ ಕೆಂಭಾವಿಯ ನಮ್ಮ ಮನೆಗೆ ಒಂದು ಯಂತ್ರ ತಂದಿಟ್ಟರು. ಅದರ ಹಿಡಿಕೆಗೆ ಕೈ ಕಟ್ಟಿ ಬೆರಳು ಬಿಚ್ಚಿದರೆ ಪರದೆಯ ಮೇಲೆ ಗಿಣಿ ಹಾರುತ್ತದೆ. ಬೆರಳು ಸೋತಲ್ಲಿ ಯಂತ್ರವೇ ಮೆಲ್ಲಗೆ ಬಿಡಿಸುತ್ತದೆ. ಕೈಗೆ ಬಲ ಬಂದಂತೆ ಆ ನೆರವು ತಾನಾಗಿಯೇ ಕಡಿಮೆಯಾಗುತ್ತದೆ. ಆಡಿದ್ದೆಲ್ಲ ಮೇಡಂ ಫೋನಿನಲ್ಲಿ ಗೊತ್ತಾಗುತ್ತದೆ. ರಜೆ ಮುಗಿದರೆ ಯಂತ್ರ ಹುಣಸಗಿಯ ಇನ್ನೊಂದು ಮಗುವಿಗೆ.

ನಾನು ಅಂಗನವಾಡಿ ಕೆಲಸಕ್ಕೆ ಹೋದಾಗ ಅತ್ತೆಯೇ, ಅಂದರೆ ಮಗಳ ಆಯಿಯೇ, ಆಡಿಸುತ್ತಿದ್ದರು. ಮೇಡಂ ಫೋನ್ ಮಾಡಿದಾಗಲೆಲ್ಲ ಒಂದೇ ಮಾತು: "ಶಾಬಾಸ್ ಸಂಘಮಿತ್ರಾ! ಕೈ ಭಾಳ ಸುಧಾರಸ್ಯಾದ." ಮಗಳು ಹಿಗ್ಗಿ ಹೀರೇಕಾಯಿಯಾದಳು. ಶಾಲೆ ತೆರೆದಾಗ ಬಿಸಿಯೂಟ ಬಲಗೈಯಿಂದಲೇ ಉಣ್ಣುತ್ತೇನೆಂದು ಓಣಿಗೆಲ್ಲ ಡಂಗುರ ಸಾರಿದಳು. ಸಂಜೆ ನನ್ನೆದುರು ಆಡುವಾಗ ಮಾತ್ರ ಗಿಣಿ ಮೇಲೇಳುತ್ತಿರಲಿಲ್ಲ. ಮುಂದೆ ಹೋದಂತೆ ಆಟ ಕಠಿಣವಾಗುತ್ತದೆಯೇನೋ ಎಂದುಕೊಂಡೆ.

ಯಂತ್ರ ಒಯ್ಯಲು ಬಂದ ಮೇಡಂ ಮೊದಲು ಕೈ ಹಿಡಿದು ನೋಡಿದರು. ಬೆರಳು ಬಿಚ್ಚಲೇ ಇಲ್ಲ.

"ಇಷ್ಟ ದಿನ ಆಡಿದ್ದು ಯಾರ ಕೈ?"

ಅತ್ತೆ ಅಂಜದೆ ಮುಂದೆ ಬಂದರು. "ನಂದ್ರಿ. ಕೂಸು ದಣದು ಮಲಗಿದ ಮ್ಯಾಲ ಉಳದದ್ದು ನಾ ಮುಗಸ್ತಿದ್ದೆ. ಹತ್ತಿ ಬಿಡಸೂಮುಂದ ಹಿಂದ ಬಿದ್ದಾಕಿ ಸಾಲು ಬಾಜೂದಾಕಿ ಹಿಡಿತಾಳಲ್ರಿ, ಹಾಂಗ."

ಅತ್ತೆಯ ಬಲವನ್ನು ಮಗಳದೆಂದೇ ತಿಳಿದು ಯಂತ್ರ ನೆರವು ನಿಲ್ಲಿಸಿತ್ತು. ಬೇಸಿಗೆಯೆಲ್ಲ ನನ್ನ ಕೂಸು ಒಬ್ಬಳೇ ಒದ್ದಾಡಿದ್ದಳು. ಮೇಡಂ ಅದನ್ನು ಬಿಡಿಸಿ ಹೇಳಿದಾಗ ಅತ್ತೆ ಕೂಸಿನ ಬಿಗಿದ ಮುಷ್ಟಿಯನ್ನು ತಮ್ಮ ಕೈಯಲ್ಲಿ ಹಿಡಿದು ಕೂತುಬಿಟ್ಟರು.

"ಇನ್ನೊಂದ ತಿಂಗಳ ಬಿಡ್ರಿ ಮೇಡಂ," ಎಂದು ನಾನು ಕೈಮುಗಿದೆ.

"ಹುಣಸಗಿ ಕೂಸೂ ಕಾಯಾಕತ್ತದವ್ವ. ನಿಮಗ ಮತ್ತ ಕೊಡಸಾಕ ನೋಡ್ತೀನಿ. ಯಾವಾಗ ಅಂತ ಹೇಳಾಕ ಆಗಂಗಿಲ್ಲ."

ಯಂತ್ರವನ್ನು ಗಾಡಿಗೆ ಹಾಕಿದರು. ಅತ್ತೆ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಸಂಘಮಿತ್ರಾ ಪಕ್ಕದಲ್ಲಿ ಕೂತು, ಎಡಗೈಯಿಂದ ಅವರ ಕಣ್ಣೊರೆಸಿ, ನನ್ನತ್ತ ತಿರುಗಿದಳು.

"ಅವ್ವಾ, ಮೇಡಂ ಶಾಬಾಸ್ ಅಂತಿದ್ದದ್ದು ಆಯಿಗೇನು?"