ಕಸದ ಯಾರ್ಡಿಗೆ ಬಿದ್ದ ಬೀಗ

ಸೋಫಾ ರಿಪೇರಿಯವನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಳೇ ಫೋಮು, ರೆಕ್ಸಿನ್ ಚೂರು, ತುಕ್ಕು ಹಿಡಿದ ಸ್ಪ್ರಿಂಗು ಮೂಲೆಮೂಲೆಯಲ್ಲೂ ಬಿದ್ದಿದ್ದವು. ಅದರ ಮೇಲೆ ಪುರಸಭೆಯ ಹೊಸ ನಿಯಮ ಬೇರೆ: ಊರಿನ ಕಸವೆಲ್ಲ ಊರಿನ ಯಾರ್ಡಿಗೇ ಹೋಗಬೇಕು, ತೂಕಕ್ಕೆ ತಕ್ಕ ಶುಲ್ಕ ಕಟ್ಟಬೇಕು.

"ಕಸ ನಂದು. ಎಲ್ಲಿಗೆ ಕಳಿಸ್ಬೇಕು ಅಂತ ಹೇಳೋಕೆ ಇವರ್ಯಾರು? ಟೆಂಪೋದವನು ಅರ್ಧ ದುಡ್ಡಿಗೆ ಒಯ್ತಾನೆ," ಎಂದು ಅವನು ತಂಗಿಯ ಮುಂದೆ ಸಿಡಿಮಿಡಿಗೊಂಡ. ತಂಗಿ ಆ ಯಾರ್ಡಿನಲ್ಲೇ ಗಾಡಿ ತೂಗುವ ಕೆಲಸಕ್ಕಿದ್ದಳು.

"ಒಯ್ದು ಎಲ್ಲಿ ಸುರೀತಾನೆ, ಕೇಳಿದ್ಯಾ ಅಣ್ಣ?"

"ನನಗ್ಯಾಕೆ ಆ ಉಸಾಬರಿ?"

"ನಮ್ಮಲ್ಲಿ ಕಸದ ನೀರು ನೆಲಕ್ಕೆ ಇಳೀದ ಹಾಗೆ ತಳಕ್ಕೆ ದಪ್ಪ ಹಾಳೆ ಹಾಸಿದೆ. ಆ ನೀರೆತ್ತೋಕೆ ಪಂಪು ಓಡ್ತಾನೇ ಇರ್ಬೇಕು. ಗಾಡಿ ಹತ್ತು ಬರಲಿ, ನೂರು ಬರಲಿ, ಆ ಖರ್ಚು ತಪ್ಪಲ್ಲ. ನೀನು ಬಿಟ್ರೆ ಉಳಿದವರ ಶುಲ್ಕ ಏರತ್ತೆ. ಏರಿದ್ರೆ ಅವರೂ ಬಿಡ್ತಾರೆ. ಆಮೇಲೆ?"

"ಆಮೇಲೆ ನಿನಗೆ ಬೇರೆ ಕೆಲಸ ನೋಡೋಣ ಬಿಡೇ!" ಎಂದು ನಕ್ಕ. ನಗಬಾರದಿತ್ತು.

ಬೀದಿಯ ಬಹುತೇಕರು ಅವನ ಹಾಗೇ ಜಾಣರಾದರು. ಶುಲ್ಕ ಏರಿತು. ನಿಯಮ ಪಾಲಿಸುತ್ತಿದ್ದ ನಾಲ್ಕು ಜನರೂ ಬೇಸತ್ತು ಟೆಂಪೋ ಹಿಡಿದರು. ಯಾಕಪ್ಪಾ ಎಂದು ಕೇಳುವವರು ಯಾರೂ ಇರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅವನ ಮನೆಯ ಬಾವಿ ನೀರು ನಾರತೊಡಗಿತು. "ಬಾಯಿಗಿಡೋಕಾಗಲ್ಲ ರೀ," ಎಂದು ಹೆಂಡತಿ ಕೊಡ ಕೆಳಗಿಟ್ಟಳು. ಅಪ್ಪನ ಕಾಲದ ಬಾವಿ, ಯಾವ ಬೇಸಿಗೆಗೂ ಬತ್ತಿದ್ದಿಲ್ಲ. ನಾತ ಎಲ್ಲಿಂದ ಎಂದು ನೋಡಲು ಅವನು ಹಿತ್ತಲ ದಿಬ್ಬ ಹತ್ತಿ ಆಚೆಯ ಹಳೇ ಕಲ್ಲು ಕ್ವಾರಿಯೊಳಗೆ ಇಣುಕಿದ. ಕೊಳೆತ ಕಸದ ರಾಶಿ, ನಡುವೆ ಕೆಂಪು ರೆಕ್ಸಿನ್ ಚೂರುಗಳು. ಸಿನಿಮಾ ಮಂದಿರದ ಕುರ್ಚಿಗಳಿಗೆಂದು ಅವನೇ ಕತ್ತರಿಸಿದ್ದು. ಟೆಂಪೋದವನು ಇಷ್ಟು ದಿನ ಸುರಿಯುತ್ತಿದ್ದದ್ದು ಇಲ್ಲೇ.

ಮರುದಿನ ಅಂಗಡಿಯ ಕಸವನ್ನೆಲ್ಲ ಗಾಡಿಗೆ ತುಂಬಿಕೊಂಡು ಯಾರ್ಡಿಗೆ ಓಡಿದ. ತಂಗಿ ಗೇಟಿಗೆ ಬೀಗ ಹಾಕುತ್ತಿದ್ದಳು.

"ತೂಕ ಹಾಕೇ. ಎಷ್ಟಾದ್ರೂ ಕಟ್ತೀನಿ."

"ಖರ್ಚೂ ಹುಟ್ತಿಲ್ಲ ಅಂತ ಮುಚ್ಚಿದ್ರು ಅಣ್ಣ. ಪಂಪೂ ನಿಲ್ಸಿಬಿಟ್ರು."

"ಮತ್ತೆ ನಮ್ಮ ಬಾವಿ? ಟೆಂಪೋದವನು ಹಿತ್ತಲ ಕ್ವಾರಿಗೇ ಸುರಿದು ನೀರೆಲ್ಲ ನಾರ್ತಿದೆ ಕಣೇ."

ತಂಗಿ ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಅವಳೂ ಕುಡಿದು ಬೆಳೆದದ್ದು ಅದೇ ನೀರು. ತುಂಬಿದ ಗಾಡಿಯನ್ನು ಅಣ್ಣ ತಂಗಿ ಇಬ್ಬರೂ ಸೇರಿ ಅಂಗಡಿಯತ್ತ ತಿರುಗಿಸಿದರು.

ಅಕ್ಕಂದಿರೇ, ಅಣ್ಣಂದಿರೇ, ಅವನಿಗೆ ಬುದ್ಧಿ ಬಂತು, ಕುಡಿಯುವ ನೀರು ಮಾತ್ರ ಮರಳಿ ಬರಲಿಲ್ಲ. ನಿಮ್ಮ ಊರಿನ ಯಾರ್ಡು ಇನ್ನೂ ತೆರೆದಿದೆಯೇ? ಹಾಗಿದ್ದರೆ ನಿಮ್ಮ ಕಸ ಇವತ್ತೇ ಅಲ್ಲಿಗೆ ಹೋಗಲಿ. ಅಗ್ಗಕ್ಕೆ ಒಯ್ಯುತ್ತೇನೆಂದು ಯಾರಾದರೂ ಬಾಗಿಲಿಗೆ ಬಂದರೆ, "ಎಲ್ಲಿ ಸುರೀತೀಯಪ್ಪಾ?" ಎಂದು ಕೇಳಿ. ಆ ಒಂದು ಮಾತು ಕೇಳದೇ ಹೋದವನು ಈಗ ಬಾವಿಯ ಬಾಯಿಗೆ ಹಲಗೆ ಮುಚ್ಚಿ ಕೂತಿದ್ದಾನೆ.