ಮೂರು ಸಾಲಿನ ತರಗತಿ

ತೊಗಲು ಹದ ಮಾಡುವವರ ಆರು ಮಕ್ಕಳು ಕೂರುವ ಬೆಂಚನ್ನು ಎರಡನೇ ತರಗತಿಯ ಹಿಂಗೋಡೆಗೆ ಒತ್ತಿ ಹಾಕಲಾಯಿತು. ಮುಂದಿನ ಮೂರು ಬೆಂಚುಗಳಿಗೂ ಅದಕ್ಕೂ ನಡುವೆ ಒಂದು ಹಾಸಿಗೆ ಹಾಸುವಷ್ಟು ಜಾಗ ಉಳಿಯಿತು. ವಾಸನೆ ಬರುತ್ತದೆಂದು ಕೆಲವು ಪಾಲಕರು ಹೆಡ್ಮಾಸ್ಟರಿಗೆ ದೂರು ಕೊಟ್ಟಿದ್ದರು.

ಟೀಚರ್ ಅಂದು ಬಾಯಿ ಬಿಡಲಿಲ್ಲ. ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕಾಗದ ಹೆಡ್ಮಾಸ್ಟರ ಮೇಜಿನ ಮೇಲೆ ರುಜುವಿಗೆ ಕಾದಿತ್ತು. ನಾಲ್ಕು ದಿನದಿಂದ ಅವಳು ನಿಂತಲ್ಲಿ ನಿಲ್ಲಲಾರದೆ, ಕೂತಲ್ಲಿ ಕೂರಲಾರದೆ ಪಾಠ ಮಾಡುತ್ತಿದ್ದಳು.

ಇಂದು ಗುಣಾಕಾರ. ಬೋರ್ಡಿನ ಮೇಲೆ ಚುಕ್ಕಿಗಳನ್ನು ಸಾಲಾಗಿ ಇಟ್ಟಳು. ಸಾಲಿಗೆ ಐದು, ಎರಡು ಸಾಲು, ಹತ್ತು. "ಮಗ್ಗಿ ಬಾಯಿಪಾಠ ಬೇಡ, ಕಣ್ಣಲ್ಲಿ ನೋಡಿ. ಈಗ ನಮ್ಮ ಕ್ಲಾಸನ್ನೇ ಹೀಗೆ ಬರೀರಿ. ಒಬ್ಬೊಬ್ಬರಿಗೆ ಒಂದೊಂದು ಚುಕ್ಕಿ. ಎಷ್ಟು ಜನ ಹೇಳಿ."

ಮುಂದಿನ ಬೆಂಚಿನ ವಾಚಾಳಿ, ಎಲ್ಲರೂ ಗಿಣಿ ಎಂದು ಕರೆಯುವ ಹುಡುಗಿ, ಸ್ಲೇಟು ಎತ್ತಿದಳು. "ಮೂರಾರ್ಲೆ ಹದಿನೆಂಟು, ಟೀಚರ್."

"ಹಿಂದಿನವರು?"

"ಅವರು ಅಲ್ಲಿದಾರಲ್ಲ" ಎಂದಳು ಗಿಣಿ, ಇಷ್ಟೂ ಗೊತ್ತಾಗುವುದಿಲ್ಲವೇ ಎಂಬಂತೆ.

ಟೀಚರ್ ಸರಸರನೆ ಹಿಂದಕ್ಕೆ ನಡೆದಳು. ಗೋಡೆಗೆ ಒರಗಿದ್ದ ಪುಟ್ಟ ಹುಡುಗಿಯ ಸ್ಲೇಟಿನಲ್ಲೂ ಮೂರೇ ಸಾಲು. ಚುಕ್ಕಿಗಳು ಗಿಣಿಯವಕ್ಕಿಂತ ಅಚ್ಚುಕಟ್ಟು.

"ನೀನೆಲ್ಲಮ್ಮಾ ಇದರಲ್ಲಿ?"

"ನಾನು ಎಣಿಸೋಳು ಟೀಚರ್. ಇಲ್ಲಿಂದ ಕಾಣೋದು ಅಷ್ಟೇ."

"ಏಳ್ರೋ ಎಲ್ಲರೂ" ಎಂದವಳೇ ಟೀಚರ್ ಆ ಬೆಂಚನ್ನು ದರದರನೆ ಎಳೆದು ಮೂರನೆಯ ಸಾಲಿನ ಬೆನ್ನಿಗೆ ತಂದಳು. ಆರೂ ಮಕ್ಕಳು ಬಂದು ಕೂತರು. ನೆಲ ಗೀಚಿದ ಸದ್ದಿಗೆ ಹೆಡ್ಮಾಸ್ಟರು ಬಾಗಿಲಲ್ಲಿ ಪ್ರತ್ಯಕ್ಷರಾದರು.

"ಏನ್ ಟೀಚರೇ, ಪಾಠನೋ ಮನೆ ಖಾಲಿ ಮಾಡೋದೋ?"

"ನಾಲ್ಕಾರ್ಲೆ ಹೇಳಿಕೊಡ್ತಿದೀನಿ ಸಾರ್."

"ಕಲ್ಲು ಜೋಡಿಸಿ ಹೇಳಿಕೊಡಿ, ಯಾರು ಬೇಡ ಅಂದ್ರು? ನಾಳೆ ಆ ಪಾಲಕರು ಬಂದು ನನ್ನ ತಲೆ ತಿಂತಾರೆ. ನಿಮ್ಮ ಕಾಗದಕ್ಕೆ ಇವತ್ತೇ ರುಜು ಹಾಕೋಣ ಅಂತಿದ್ದೆ, ನೋಡಿ." ಅವರು ಬೆಂಚಿನ ಒಂದು ತುದಿಗೆ ಬಾಗಿದರು. "ಆ ಕಡೆ ಹಿಡ್ಕೊಳ್ಳಿ."

ಯಾರೂ ಹೇಳದೆಯೇ ಆರೂ ಮಕ್ಕಳು ಎದ್ದು ನಿಂತಿದ್ದರು. ಟೀಚರ್ ಕೈ ತಾನಾಗಿ ಮುಂದೆ ಹೋಯಿತು, ಮರವನ್ನು ಮುಟ್ಟಿತು. ಆಮೇಲೆ ಅವಳು ಆ ತುದಿಯಲ್ಲಿ ಕೂತುಬಿಟ್ಟಳು.

"ನಾನು ಹಿಡಿಯಲ್ಲ ಸಾರ್."

ಹೆಡ್ಮಾಸ್ಟರು ಬಾಗಿದಂತೆಯೇ ಇದ್ದರು. ಪುಟ್ಟ ಹುಡುಗಿ ಸ್ಲೇಟನ್ನು ಎದೆಗವಚಿಕೊಂಡು ಬಂದು ಟೀಚರ್ ಪಕ್ಕ ಕೂತಳು.

"ಸ್ವಲ್ಪ ಸರೀರಿ ಟೀಚರ್," ಅಂದಳು, "ಇನ್ನೂ ಐದು ಜನ ಕೂರ್ಬೇಕು."